ಹಳೆ ಮರದ ಮೈಮೇಲೆ

ಬಾಬಾಬುಡನ್‌ಗಿರಿ ತಪ್ಪಲಿನ ಯಾವುದಾದರೂ ಕಾಫಿ ತೋಟದಲ್ಲಿ ಒಂದು ಹಳೆಯ ಹಲಸಿನ ಮರದ ಮುಂದೆ ನಿಂತು, ಅದರ ತೊಗಟೆ ಯಾವ ಬಣ್ಣ ಅಂತ ಹೇಳಿ ನೋಡಿ. ದೂರದಿಂದ ಬೂದು ಅನ್ನಿಸುತ್ತದೆ. ಹತ್ತಿರ ಹೋದರೆ ಬಿಳಿ ಇದೆ, ತಿಳಿ ಹಸಿರಿದೆ, ನೀಲಿ ಬೆರೆತ ಬೂದಿ ಇದೆ, ಬುಡದ ನೆರಳಿನಲ್ಲಿ ಅರಿಶಿನ ಪುಡಿ ಎರಚಿದ ಹಾಗೆ ಕಡು ಹಳದಿ ಇದೆ. ಇವುಗಳಲ್ಲಿ ಒಂದೂ ಮರದ ಬಣ್ಣವಲ್ಲ. ತೊಗಟೆ ಕಾಣುವುದು ಬಿರುಕುಗಳ ನಡುವೆ ಅಲ್ಲಲ್ಲಿ ಮಾತ್ರ. ಉಳಿದದ್ದೆಲ್ಲ ಲೈಕೆನ್.

ಅಡಿಕೆ ಮರದ ಕಾಂಡದ ಮೇಲೆ ಕಾಣುವ ಬಿಳಿ ಮಚ್ಚೆಗಳೂ ಅದೇ. ಹಳೇ ದೇವಸ್ಥಾನದ ಕಲ್ಲಿನ ಮೇಲಿನ ವೃತ್ತಗಳೂ ಅದೇ. ಮಸಾಲೆ ಡಬ್ಬದಲ್ಲಿ ಚಕ್ಕೆ, ಮೊಗ್ಗಿನ ಜೊತೆ ಇರುವ ಕಲ್ಲುಹೂವು ಕೂಡ ಇದರದೇ ಒಂದು ಗುಂಪು. ಮಲೆನಾಡಿನವರು ಹುಟ್ಟಿದಾಗಿನಿಂದ ಇದನ್ನು ನೋಡುತ್ತಲೇ ಇರುತ್ತೇವೆ. ಆದರೂ ಒಂದು ಮರದ ಮೇಲೆ ಎಷ್ಟು ಬಗೆ ಇದೆ ಅಂತ ಎಣಿಸಿದವರು ಬಹಳ ಕಡಿಮೆ.

ಎಣಿಸುವ ಕೆಲಸಕ್ಕೆ ನಾನು ಸೇರಿಕೊಂಡದ್ದು ಸ್ನೇಹಿತರೊಬ್ಬರಿಂದಾಗಿ. ಸಸ್ಯಶಾಸ್ತ್ರ ಓದಿದವರು. ಚಂದ್ರದ್ರೋಣ ಸಾಲಿನಲ್ಲಿ, ತೋಟಗಳ ಮಟ್ಟದಿಂದ ಮುಳ್ಳಯ್ಯನಗಿರಿ ಕಡೆಯ ಶೋಲಾ ಕಾಡಿನವರೆಗೆ (ಎತ್ತರದ ಹುಲ್ಲುಗಾವಲುಗಳ ನಡುವೆ, ಕಣಿವೆಗಳಲ್ಲಿ ಬೆಳೆಯುವ ಕುಳ್ಳು ಕಾಡು), ಯಾವ ಎತ್ತರದಲ್ಲಿ ಯಾವ ಲೈಕೆನ್ ಇದೆ ಅಂತ ದಾಖಲು ಮಾಡಬೇಕು ಅಂತಿದ್ದರು. ಅರಣ್ಯ ಇಲಾಖೆಯ ಅನುಮತಿ ಸಿಕ್ಕಿತ್ತು. ಮರಗಳ ಊರ ಹೆಸರು ಗೊತ್ತಿರುವ, ತೋಟದವರ ಜೊತೆ ಕೂತು ಮಾತಾಡಬಲ್ಲ ಒಬ್ಬರು ಬೇಕಿತ್ತು. ಹೋದೆ. ಆಮೇಲೆ ಬಿಡಲು ಆಗಲಿಲ್ಲ.

ಲೈಕೆನ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಇದು ಒಂದು ಜೀವಿಯಲ್ಲ, ಒಂದು ಸಂಸಾರ. ಶಿಲೀಂಧ್ರವೊಂದು ಮನೆ ಕಟ್ಟುತ್ತದೆ. ಅದರೊಳಗೆ ಪಾಚಿಯೋ ಸಯನೋಬ್ಯಾಕ್ಟೀರಿಯಾವೋ ಕೂತು ಬಿಸಿಲಿನಲ್ಲಿ ಅನ್ನ ಬೇಯಿಸುತ್ತದೆ. 1860ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಹೀಗೆ ಹೇಳಿದಾಗ ಆ ಕಾಲದ ದೊಡ್ಡ ಲೈಕೆನ್ ತಜ್ಞರೇ ಒಪ್ಪಲಿಲ್ಲ. ಜೀವನವಿಡೀ ತಾವು ಹೆಸರಿಟ್ಟ ಜೀವಿಗಳು ಸ್ವತಂತ್ರ ಜೀವಿಗಳೇ ಅಲ್ಲ ಅಂದರೆ ಯಾರಿಗಾದರೂ ಕಷ್ಟವೇ ಅಲ್ವಾ? ಈಗ ಅದರಲ್ಲಿ ಅನುಮಾನವಿಲ್ಲ. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಅವರ ಜೊತೆಗಾರರು ಕೆಲವು ಲೈಕೆನ್‌ಗಳ ಹೊರಪದರದಲ್ಲಿ ಯೀಸ್ಟ್ ಜಾತಿಯ ಇನ್ನೊಂದು ಶಿಲೀಂಧ್ರವೂ ಇದೆ ಅಂತ ತೋರಿಸಿದರು. ಸಂಸಾರ ನಾವಂದುಕೊಂಡದ್ದಕ್ಕಿಂತ ದೊಡ್ಡದು. ನಾವು ಲೈಕೆನ್‌ಗೆ ಇಡುವ ವೈಜ್ಞಾನಿಕ ಹೆಸರು ಮಾತ್ರ ಶಿಲೀಂಧ್ರಕ್ಕೆ ಸೇರಿದ್ದು. ಒಳಗೆ ದುಡಿಯುವ ಪಾಚಿಗೆ ಅದರದೇ ಬೇರೆ ಹೆಸರಿದೆ.

ತೋಟದವರು ಮೊದಲು ಕೇಳುವ ಪ್ರಶ್ನೆ ಒಂದೇ: "ಇದು ಮರಕ್ಕೆ ರೋಗ ಅಲ್ವಾ ಸಾರ್? ಏನು ಹೊಡೀಬೇಕು ಹೇಳಿ." ಏನೂ ಹೊಡೆಯಬೇಕಾಗಿಲ್ಲ. ಲೈಕೆನ್‌ಗೆ ಬೇರಿಲ್ಲ. ಅದು ಮರದ ರಸ ಹೀರುವುದಿಲ್ಲ. ನಿಲ್ಲಲು ಜಾಗ ಮಾತ್ರ ಕೇಳುತ್ತದೆ. ನೀರು, ಖನಿಜ ಎಲ್ಲವೂ ಮಳೆ, ಮಂಜು, ಗಾಳಿಯಿಂದಲೇ ಬರಬೇಕು. ಸೊರಗಿದ ಗಿಡದ ಮೇಲೆ ಜಾಸ್ತಿ ಲೈಕೆನ್ ಕಾಣುವುದಕ್ಕೆ ಬೇರೆ ಕಾರಣವಿದೆ. ಎಲೆ ಉದುರಿ ಬಿಸಿಲು ಒಳಗೆ ಬಿದ್ದಿರುತ್ತದೆ, ಅಷ್ಟೇ. ಇದನ್ನು ಎಷ್ಟು ತೋಟಗಳಲ್ಲಿ ಹೇಳಿದ್ದೇವೋ ಲೆಕ್ಕವಿಲ್ಲ. ಕೆಲವರು ನಂಬಿದರು. ಕೆಲವರು ಕಾಂಡವನ್ನು ತೆಂಗಿನ ನಾರಿನಿಂದ ಉಜ್ಜುವುದನ್ನು ಈಗಲೂ ಬಿಟ್ಟಿಲ್ಲ.

ಲೈಕೆನ್ ಸರ್ವೆಯಲ್ಲಿ ನಡೆಯುವುದು ಕಡಿಮೆ, ನಿಲ್ಲುವುದು ಜಾಸ್ತಿ. ಹಕ್ಕಿ ನೋಡುವವರು ಒಂದು ಬೆಳಗ್ಗೆ ಇಡೀ ಕಣಿವೆ ಸುತ್ತಿ ಬರುತ್ತಾರೆ. ನಾವು ಅಷ್ಟೇ ಹೊತ್ತಿನಲ್ಲಿ ನಾಲ್ಕೈದು ಮರ ಮುಗಿಸಿದರೆ ದೊಡ್ಡದು. ಯುರೋಪಿನಲ್ಲಿ ರೂಢಿಯಲ್ಲಿರುವ ಒಂದು ವಿಧಾನವನ್ನು ಸ್ನೇಹಿತರು ಇಲ್ಲಿಗೆ ಹೊಂದಿಸಿಕೊಂಡಿದ್ದರು. 10 ಸೆಂಟಿಮೀಟರ್ ಅಳತೆಯ ಐದು ಚೌಕಗಳನ್ನು ಒಂದರ ಮೇಲೊಂದು ಜೋಡಿಸಿದ ಉದ್ದ ಚೌಕಟ್ಟು. ಅದನ್ನು ನೆಲದಿಂದ 1 ಮೀಟರ್ ಎತ್ತರದಲ್ಲಿ ಕಾಂಡಕ್ಕೆ ಹಿಡಿಯಬೇಕು. ನಾಲ್ಕೂ ದಿಕ್ಕಿಗೆ ಒಂದೊಂದು ಸಲ. ಪ್ರತಿ ಚೌಕದೊಳಗೆ ಯಾವುದೆಲ್ಲ ಇದೆ ಅಂತ ಲೆನ್ಸ್ ಹಿಡಿದು ಬರೆದುಕೊಳ್ಳಬೇಕು. ಮರದ ಹೆಸರು, ಸುತ್ತಳತೆ, ತೊಗಟೆ ನಯವೋ ಒರಟೋ, ಬಿಸಿಲು ಎಷ್ಟು ಬೀಳುತ್ತದೆ, ಸಮುದ್ರ ಮಟ್ಟದಿಂದ ಎತ್ತರ ಎಷ್ಟು, ಇವೆಲ್ಲ ಪಕ್ಕದ ಕಾಲಂನಲ್ಲಿ.

ಇದು ಕೇಳಲು ಸಪ್ಪೆ ಅನ್ನಿಸಬಹುದು. ಮಾಡುವಾಗ ಹಾಗಲ್ಲ. ಬರಿಗಣ್ಣಿಗೆ ಒಂದೇ ಬೂದು ಮಚ್ಚೆ ಅನ್ನಿಸಿದ್ದು ಲೆನ್ಸಿನಡಿ ಮೂರು ನಾಲ್ಕು ಬಗೆಯಾಗಿ ಒಡೆಯುತ್ತದೆ. ಒಂದರ ಮೇಲೆ ಸಣ್ಣ ಬಟ್ಟಲುಗಳಿವೆ, ಶಿಲೀಂಧ್ರದ ಬೀಜಕಗಳು ಹುಟ್ಟುವ ಜಾಗ. ಇನ್ನೊಂದರ ಮೇಲೆ ಕಪ್ಪು ಗೆರೆಗಳು, ಕವಲೊಡೆದು, ಬಾಗಿ, ಮತ್ತೆ ಕವಲೊಡೆದು. ಅದು ಗ್ರಾಫಿಸ್ ಕುಟುಂಬ. ಪಶ್ಚಿಮ ಘಟ್ಟದ ಒದ್ದೆ ಕಾಡುಗಳಲ್ಲಿ ನಯ ತೊಗಟೆಯ ಮರ ಕಂಡರೆ ಇವು ಇರಲೇಬೇಕು. ಮೂರನೆಯದರಲ್ಲಿ ಬಟ್ಟಲೂ ಇಲ್ಲ, ಗೆರೆಯೂ ಇಲ್ಲ, ಮೈತುಂಬ ಹಿಟ್ಟಿನಂಥ ಕಣಗಳು. ಆ ಕಣವೊಂದರಲ್ಲಿ ಶಿಲೀಂಧ್ರದ ಎಳೆಗಳೂ ಪಾಚಿಯೂ ಸುತ್ತಿಕೊಂಡು ಒಟ್ಟಿಗೇ ಇರುತ್ತವೆ. ಗಾಳಿಗೋ ಮಳೆ ಹನಿಗೋ ಇರುವೆ ಕಾಲಿಗೋ ಸಿಕ್ಕಿ ಬೇರೆ ಕಡೆ ಬಿದ್ದರೆ ಅಲ್ಲಿ ಹೊಸ ಸಂಸಾರ ಶುರು. ಈ ಕಣದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉಗುರಿನಿಂದ ಮೆಲ್ಲಗೆ ಕೆರೆಯುವುದು ಸ್ನೇಹಿತರು ಕಲಿಸಿದ ಮೊದಲ ಪಾಠ. ಮೇಲಿನ ಬೂದು ಪದರ ಸರಿದರೆ ಒಳಗಿನ ಪಾಚಿ ಕಾಣುತ್ತದೆ. ಹುಲ್ಲಿನ ಹಸಿರು ಬಂದರೆ ಬಹುಶಃ ಟ್ರೆಬೌಕ್ಸಿಯಾ ಜಾತಿ. ಹಳದಿ ಅಥವಾ ಕಿತ್ತಳೆ ಛಾಯೆ ಬಂದರೆ ಟ್ರೆಂಟೆಪೋಲಿಯಾ. ಇದು ಹಸಿರು ಪಾಚಿಯೇ ಆದರೂ ಒಳಗೆ ಕಿತ್ತಳೆ ಬಣ್ಣದ ದ್ರವ್ಯ ತುಂಬಿಕೊಂಡಿರುತ್ತದೆ. ಬಿಸಿ, ಒದ್ದೆ ನಾಡುಗಳ ಲೈಕೆನ್‌ಗಳಿಗೆ ಇದೆಂದರೆ ಬಹಳ ಇಷ್ಟ. ಒಬ್ಬೊಂಟಿಯಾಗಿಯೂ ಬದುಕುತ್ತದೆ, ಮಳೆಗಾಲದಲ್ಲಿ ಮರ, ಗೋಡೆಗಳ ಮೇಲೆ ಕಾಣುವ ತುಕ್ಕಿನ ಬಣ್ಣದ ಮಖಮಲ್ಲು ಎಷ್ಟೋ ಸಲ ಇದೇ. 2001ರಲ್ಲಿ ಕೇರಳದ ಕೋಟ್ಟಯಂ, ಇಡುಕ್ಕಿ ಕಡೆ ಕೆಂಪು ಮಳೆ ಬಿದ್ದದ್ದು ಹಲವರಿಗೆ ನೆನಪಿರಬಹುದು. ಅನ್ಯಗ್ರಹದ ಜೀವಿ ಎಂದೆಲ್ಲ ಸುದ್ದಿಯಾಯಿತು. ನೀರನ್ನು ಪರೀಕ್ಷಿಸಿದ ಕೇರಳದ ವಿಜ್ಞಾನ ಸಂಸ್ಥೆಗಳು ಕೊಟ್ಟ ಉತ್ತರ: ಲೈಕೆನ್ ಕಟ್ಟುವ ಟ್ರೆಂಟೆಪೋಲಿಯಾ ಪಾಚಿಯ ಬೀಜಕಗಳು. ಮರಗಳ ಮೈಮೇಲೆ ಬದುಕುವ ಜೀವವೇ ಆಕಾಶದಿಂದ ಬಂದಿತ್ತು.

ಗುರುತಿಸಲು ಕಣ್ಣು ಸಾಲದಾದಾಗ ರಸಾಯನಿಕಗಳು. ಜೇಬಿನಲ್ಲಿ ಎರಡು ಪುಟ್ಟ ಬಾಟಲಿಗಳಿರುತ್ತವೆ. ಒಂದರಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಇನ್ನೊಂದರಲ್ಲಿ ಬಟ್ಟೆಗೆ ಹಾಕುವಂಥ ಬ್ಲೀಚ್. ಲೈಕೆನ್‌ನ ಚೂರಿಗೆ ಒಂದು ಹನಿ ಮುಟ್ಟಿಸಿ ನೋಡಬೇಕು. ಪಾರ್ಮೋಟ್ರೀಮಾ ಟಿಂಕ್ಟೋರಮ್ ಅನ್ನುವ ಅಗಲ ಹಾಳೆಯ ಬೂದು ಲೈಕೆನ್ ನಮ್ಮ ಬೆಟ್ಟಗಳಲ್ಲಿ ಹೇರಳ. ಅದರ ಮೇಲಿನ ಪದರ ಕೆರೆದು ಒಳಗಿನ ಬಿಳಿ ಭಾಗಕ್ಕೆ ಬ್ಲೀಚ್ ಮುಟ್ಟಿಸಿದರೆ ಕ್ಷಣದಲ್ಲಿ ಕೆಂಪಾಗುತ್ತದೆ. ಅದರ ಹತ್ತಿರದ ಸಂಬಂಧಿ ಪಾರ್ಮೋಟ್ರೀಮಾ ರೆಟಿಕ್ಯುಲೇಟಮ್ ಬ್ಲೀಚ್‌ಗೆ ಜಗ್ಗುವುದಿಲ್ಲ. ಅದಕ್ಕೆ ಮೊದಲ ಬಾಟಲಿಯ ಹನಿ ಹಾಕಿದರೆ ಹಳದಿಯಾಗಿ, ನೋಡುತ್ತಿದ್ದ ಹಾಗೇ ಕೆಂಪಿಗೆ ತಿರುಗುತ್ತದೆ. ಈ ಉಪಾಯ 1866ರಷ್ಟು ಹಳೆಯದು. ವಿಲಿಯಂ ನೈಲಾಂಡರ್ ಎಂಬ ಫಿನ್‌ಲೆಂಡಿನ ವಿಜ್ಞಾನಿ ಪ್ಯಾರಿಸ್ಸಿನಲ್ಲಿ ಕೂತು ಕಂಡುಕೊಂಡದ್ದು. ಈಗ ಪ್ರಯೋಗಶಾಲೆಗಳಲ್ಲಿ ಇನ್ನೂ ಸೂಕ್ಷ್ಮ ವಿಧಾನಗಳಿವೆ, ಡಿಎನ್‌ಎ ಇದೆ. ಆದರೂ ತೋಟದ ಕಟ್ಟೆ ಮೇಲೆ ಕೂತು ಒಂದು ಹನಿ ಬಿಟ್ಟು ಬಣ್ಣ ಬರುವುದನ್ನು ಕಾಯುವ ಖುಷಿಯೇ ಬೇರೆ.

ರಾತ್ರಿ ಕೆಲಸವೂ ಇತ್ತು. ನಾವು ಉಳಿದುಕೊಂಡಿದ್ದ ಮನೆಯ ಅಂಗಳದಲ್ಲಿ ತೆಂಗಿನ ಮರಗಳಿದ್ದವು. ಊಟವಾದ ಮೇಲೆ ಸ್ನೇಹಿತರು ಅತಿನೇರಳೆ ಟಾರ್ಚ್ ಹಿಡಿದು ಕಾಂಡಕ್ಕೆ ಬೆಳಕು ಬಿಟ್ಟರು. ಹಗಲು ಕೊಳಕು ಬಿಳಿಯಾಗಿದ್ದ ಮಚ್ಚೆಗಳು ನಿಂಬೆ ಹಳದಿಯಾಗಿ ಹೊಳೆದವು. ಪೈಕ್ಸಿನ್ ಕೊಕೋಯಿಸ್ ಅದರ ಹೆಸರು. ಮೈಯಲ್ಲಿರುವ ಲೈಕೆಗ್ಸಾಂಥೋನ್ ಎಂಬ ದ್ರವ್ಯ ಹಾಗೆ ಹೊಳೆಯುತ್ತದೆ. ಮನೆಯ ಅಜ್ಜಿ ಹೊರಗೆ ಬಂದು ನೋಡಿ, "ಅಯ್ಯೋ, ಇಷ್ಟು ವರ್ಷ ಇದರ ಬುಡದಲ್ಲೇ ಪಾತ್ರೆ ತೊಳೆದೆನಲ್ಲೋ" ಅಂದರು. ಟಾರ್ಚ್ ಇಸಿದುಕೊಂಡು ತಾವೇ ಒಂದೊಂದೇ ಮರಕ್ಕೆ ಹಿಡಿದು ಸುತ್ತಿ ಬಂದರು. ಮೊಮ್ಮಗಳನ್ನು ಎಬ್ಬಿಸಿ ಕರೆದುಕೊಂಡು ಬಂದು ತೋರಿಸಿದರು.

ಸಂಗ್ರಹ ಮಾಡುವಾಗ ನಿಯಮ ಕಟ್ಟುನಿಟ್ಟು. ಅಂಗೈಯಷ್ಟು ಇದ್ದರೆ ಬೆರಳ ತುದಿಯಷ್ಟು ಮಾತ್ರ ತೆಗೆಯಬೇಕು. ಒಂದೇ ಒಂದು ಇದ್ದರೆ ಫೋಟೋ ಸಾಕು. ಕಲ್ಲಿಗೆ ಉಳಿ, ಸುತ್ತಿಗೆ, ತೊಗಟೆಗೆ ಚಾಕು. ಹಾಕುವುದು ಕಾಗದದ ಲಕೋಟೆಗೇ, ಪ್ಲಾಸ್ಟಿಕ್ಕಿಗೆ ಬೇಡ. ಪ್ಲಾಸ್ಟಿಕ್‌ನಲ್ಲಿ ತೇವ ಕಟ್ಟಿ ಬೂಷ್ಟು ಬರುತ್ತದೆ. ಕಾಗದದಲ್ಲಿ ಸುಮ್ನೆ ಒಣಗಿ ಹಾಗೇ ಇರುತ್ತದೆ. ಒಣಗುವುದು ಲೈಕೆನ್‌ಗೆ ಸಾವಲ್ಲ. ನೀರಿಲ್ಲದಾಗ ಎಲ್ಲ ಕೆಲಸ ನಿಲ್ಲಿಸಿ ಕೂರುತ್ತದೆ, ಮಂಜು ತಾಕಿದರೆ ನಿಮಿಷಗಳಲ್ಲಿ ಮತ್ತೆ ಶುರುಮಾಡುತ್ತದೆ. 2005ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಎರಡು ಜಾತಿಯ ಲೈಕೆನ್‌ಗಳನ್ನು ಫೋಟಾನ್ ನೌಕೆಯ ಹೊರಮೈಯಲ್ಲಿಟ್ಟು ಸುಮಾರು ಎರಡು ವಾರ ಬಾಹ್ಯಾಕಾಶದಲ್ಲಿ ತೆರೆದಿಟ್ಟಿತು. ಗಾಳಿಯಿಲ್ಲ, ಸೂರ್ಯನ ಕಿರಣಗಳಿಗೆ ತಡೆಯಿಲ್ಲ. ವಾಪಸ್ ಬಂದ ಮೇಲೆ ಅವು ಮತ್ತೆ ಬದುಕು ಶುರುಮಾಡಿದವು.

ಇಷ್ಟು ಗಟ್ಟಿ ಜೀವ. ಆದರೆ ಮರ ಕಡಿದರೆ ಮುಗಿಯಿತು.

ಆ ಮಾತಿಗೆ ಬರುವ ಮುಂಚೆ ಬೆಟ್ಟ ಹತ್ತಿಬಿಡೋಣ. ಕೆಳಗಿನ ತೋಟಗಳಲ್ಲಿ ತೊಗಟೆಗೆ ಅಂಟಿಕೊಂಡ ಹೊಪ್ಪಳೆ ಬಗೆಯವು ಜಾಸ್ತಿ. ಇವನ್ನು ತೊಗಟೆಯಿಂದ ಬಿಡಿಸಲು ಆಗುವುದಿಲ್ಲ. ಮೇಲೆ ಹೋದ ಹಾಗೆ ಎಲೆಯಂತೆ ಅಂಚು ಎದ್ದ ಬಗೆಗಳು ಹೆಚ್ಚುತ್ತವೆ: ಪಾರ್ಮೋಟ್ರೀಮಾ, ಹೆಟೆರೋಡರ್ಮಿಯಾ. ಶೋಲಾ ಅಂಚಿಗೆ ಬಂದರೆ ಉಸ್ನಿಯಾ ಕೊಂಬೆಗಳಿಂದ ಜೋತಾಡುತ್ತದೆ. ಅದರ ಎಳೆಯನ್ನು ಮೆಲ್ಲಗೆ ಎಳೆದರೆ ಹೊರಗಿನ ಹಸಿರು ಪದರ ಬಿರಿದು, ಒಳಗೆ ರಬ್ಬರಿನ ಹಾಗೆ ಹಿಗ್ಗುವ ಬಿಳಿ ದಾರ ಕಾಣುತ್ತದೆ. ಉಸ್ನಿಯಾ ಗುರುತು ಹಿಡಿಯಲು ಇಷ್ಟು ಸಾಕು. ಹಾವಸೆಯ ನಡುವೆ ಕಪ್ಪು ನೀಲಿ ಬಣ್ಣದ, ಒದ್ದೆಯಾದಾಗ ಲೋಳೆಯಂತಾಗುವ ಲೆಪ್ಟೋಜಿಯಂ ಇರುತ್ತದೆ. ಅದರೊಳಗೆ ಸಯನೋಬ್ಯಾಕ್ಟೀರಿಯಾ. ಗಾಳಿಯ ಸಾರಜನಕ ಹಿಡಿದು ಗೊಬ್ಬರ ಮಾಡುವ ಶಕ್ತಿ ಅದಕ್ಕಿದೆ. ಅದು ಉದುರಿ ಕೊಳೆತಾಗ ಆ ಗೊಬ್ಬರ ಕಾಡಿಗೇ ಸೇರುತ್ತದೆ.

ಒಳಗಾಡಿನಲ್ಲಿ ಕಾಂಡಗಳೆಲ್ಲ ಕತ್ತಲು. ಅಲ್ಲಿನ ಸಂಪತ್ತಿರುವುದು ಮರಗಳ ನೆತ್ತಿಯಲ್ಲಿ. ಮರ ಹತ್ತಬೇಕಾಗಿಲ್ಲ. ಗಾಳಿ ಮಳೆ ಬಂದು ಹೋದ ಮೇಲೆ ಹೋಗಿ ಬಿದ್ದ ಕೊಂಬೆ ನೋಡಬೇಕು. ಮುರಿದು ಬಿದ್ದ ಒಂದು ಕೊಂಬೆಯ ಮುಂದೆ ನಾವು ಊಟ ಮರೆತು ಕೂತದ್ದಿದೆ. ಎಲೆಗಳನ್ನೂ ಬಿಡುವಂತಿಲ್ಲ. ನಿತ್ಯಹರಿದ್ವರ್ಣ ಕಾಡಿನಲ್ಲಿ ಒಂದು ಎಲೆ ವರ್ಷಗಟ್ಟಲೆ ಗಿಡದಲ್ಲೇ ಇರುತ್ತದೆ. ಆ ಎಲೆಯ ಮೇಲೇ ಹುಟ್ಟಿ, ಬೆಳೆದು, ಬೀಜಕ ಚೆಲ್ಲಿ, ಎಲೆ ಬೀಳುವ ಮುಂಚೆ ಬದುಕು ಮುಗಿಸುವ ಲೈಕೆನ್‌ಗಳಿವೆ. ಸ್ಟ್ರಿಗುಲಾ, ಪೊರೀನಾ ಹೀಗೆ.

ಲೈಕೆನ್ ಇದ್ದಲ್ಲಿ ಬೇರೆ ಜೀವಗಳೂ ಇರುತ್ತವೆ. ಚಿತ್ರಪಕ್ಷಿಗಳು ಗೂಡಿನ ಹೊರಮೈಗೆ ಲೈಕೆನ್ ಚೂರುಗಳನ್ನು ಜೇಡರ ಬಲೆಯಿಂದ ಅಂಟಿಸುತ್ತವೆ. ಗೂಡು ಕೊಂಬೆಯ ಗಂಟಿನಂತೆ ಕಂಡು ಕಣ್ಣಿಗೆ ಬೀಳುವುದೇ ಇಲ್ಲ. ಲೈಕೆನ್ ಒಂದನ್ನೇ ತಿಂದು ಬದುಕುವ ಪತಂಗದ ಹುಳುಗಳಿವೆ. ಮೈಮೇಲೆ ಲೈಕೆನ್ ಚೂರು ಹೊತ್ತು ಓಡಾಡುವ ಪುಟ್ಟ ಕೀಟಗಳಿವೆ. ತೊಗಟೆಯ ಮೇಲಿನ ಒಂದು ಮಚ್ಚೆ ನಡೆಯತೊಡಗಿದಾಗ ಮಾತ್ರ ಅದು ಕೀಟ ಅಂತ ಗೊತ್ತಾಗುವುದು.

ಸಂಜೆ ಲಕೋಟೆಗಳ ಮೇಲೆ ಊರು, ಮರ, ಎತ್ತರ ಬರೆದು ಕಟ್ಟಿಡುತ್ತಿದ್ದೆವು. ಹೆಸರು ಸಿಗುವುದು ಆಮೇಲೆ, ಸೂಕ್ಷ್ಮದರ್ಶಕದ ಕೆಳಗೆ. ಹೆಸರಿಡಲು ಹೋಲಿಸಿ ನೋಡಬೇಕು. ಹೋಲಿಸಲು ಹಳೆಯ ಸಂಗ್ರಹಗಳು ಬೇಕು. ಭಾರತದಲ್ಲಿ ಆ ಬುನಾದಿ ಹಾಕಿದವರು ಲಖನೌದ ಡಿ. ಡಿ. ಅವಸ್ಥಿ. ದಶಕಗಟ್ಟಲೆ ಹಿಮಾಲಯದಿಂದ ದಕ್ಷಿಣದ ಬೆಟ್ಟಗಳವರೆಗೆ ಸಂಗ್ರಹಿಸಿ, ಗುರುತಿಸುವ ಕೀಲಿಗಳನ್ನು ಬರೆದರು. ಅವರ ಸಂಗ್ರಹ ಈಗ ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿದೆ. ಪಶ್ಚಿಮ ಘಟ್ಟದ ಹೊಪ್ಪಳೆ ಬಗೆಗಳ ಮೇಲೆ ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಪಿ. ಜಿ. ಪಟವರ್ಧನ್, ಊರ್ಮಿಳಾ ಮಖೀಜಾ ಮಾಡಿದ ಕೆಲಸ ದೊಡ್ಡದು. 2010ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಭಾರತದ ಲೈಕೆನ್ ಜಾತಿಗಳು 2,303. ಈಗ ಅದು 2,700 ದಾಟಿದೆ. ಪಶ್ಚಿಮ ಘಟ್ಟದಲ್ಲೇ ಸಾವಿರಕ್ಕೂ ಹೆಚ್ಚು. ಕೆಲವೇ ವರ್ಷಗಳಲ್ಲಿ ಪಟ್ಟಿ ಹೀಗೆ ಬೆಳೆಯುತ್ತಿದೆ ಅಂದರೆ ಹುಡುಕಾಟ ಮುಗಿಯುವ ಹತ್ತಿರ ಬಂದಿಲ್ಲ ಅಂತಲೇ ಅರ್ಥ. ನಮ್ಮ ಲಕೋಟೆಗಳಲ್ಲೂ ಹೆಸರು ಸಿಗದವು ಇವೆ. ಬಟ್ಟಲಿಲ್ಲದ, ಗೆರೆಯಿಲ್ಲದ, ಬರೀ ಹಿಟ್ಟು ಹಿಟ್ಟಾದ ಹೊಪ್ಪಳೆಗಳು. ಹೊಸ ಜಾತಿಯೋ, ಗೊತ್ತಿದ್ದದ್ದೇ ಬೇರೆ ವೇಷದಲ್ಲಿದೆಯೋ ಹೇಳಲಾಗದು.

ಚೌಕಟ್ಟಿನ ಅಂಕಿಗಳನ್ನೆಲ್ಲ ಮೇಜಿನ ಮೇಲೆ ಹರಡಿದಾಗ ನನಗೆ ಎದ್ದು ಕಂಡದ್ದು ಬೇರೆಯೇ ವಿಷಯ. ಎತ್ತರ ಮುಖ್ಯ, ಮಂಜು ಮುಖ್ಯ, ನಿಜ. ಆದರೆ ಒಂದೇ ಎತ್ತರದಲ್ಲಿ, ಒಂದೇ ತೋಟದಲ್ಲಿ, ಅಕ್ಕಪಕ್ಕದ ಎರಡು ಮರಗಳ ನಡುವೆಯೂ ಅಜಗಜಾಂತರವಿತ್ತು. ಒಂದು ಹಳೆಯ ಹಲಸು ಅಥವಾ ಮಾವು. ಇನ್ನೊಂದು ಸಿಲ್ವರ್ ಓಕ್. ಹಲಸಿನ ಮೇಲೆ ಬರೆದು ಮುಗಿಯುತ್ತಿರಲಿಲ್ಲ. ಸಿಲ್ವರ್ ಓಕಿನ ಹಾಳೆಯಲ್ಲಿ ಅದೇ ಕೆಲವು ಹೆಸರುಗಳು, ಎಲ್ಲ ತೋಟಗಳಲ್ಲೂ ಮತ್ತೆ ಮತ್ತೆ.

ಮರದ ಜಾತಿಯ ಪಾತ್ರ ಇದೆ. ನಂದಿ ಮರ ತೊಗಟೆಯನ್ನು ಹಾಳೆ ಹಾಳೆಯಾಗಿ ಕಳಚುತ್ತದೆ. ಅದರ ಮೇಲೆ ನಿಧಾನದ ಜೀವಿಗೆ ನೆಲೆ ನಿಲ್ಲಲು ಪುರಸೊತ್ತೇ ಇಲ್ಲ. ನೀಲಗಿರಿಯದೂ ಅದೇ ಕಥೆ. ಆದರೆ ನಾನು ಹೆಚ್ಚು ಯೋಚಿಸಿದ್ದು ವಯಸ್ಸಿನ ಬಗ್ಗೆ. ಎಲೆಯಂಥ ಲೈಕೆನ್ ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೆಯುತ್ತದೆ. ಹೊಪ್ಪಳೆ ಬಗೆಯವು ಎಷ್ಟೋ ಸಲ 1 ಮಿಲಿಮೀಟರ್ ಕೂಡ ಇಲ್ಲ. ಮರ ಹಳೆಯದಾದ ಹಾಗೆ ತೊಗಟೆ ಬಿರಿಯುತ್ತದೆ, ನೀರು ಹಿಡಿಯುತ್ತದೆ, ಅದರ ಹುಳಿ ಗುಣ ಬದಲಾಗುತ್ತದೆ. ಹಾವಸೆ ಬಂದು ಕೂರುತ್ತದೆ. ಹಾವಸೆ ಇದ್ದಲ್ಲಿಗೆ ಮಾತ್ರ ಬರುವ ಲೈಕೆನ್‌ಗಳು ಆಮೇಲೆ ಬರುತ್ತವೆ. ಒಂದರ ನಂತರ ಒಂದು. ನಡುವೆ ದಶಕಗಳು.

ಬರುವುದಾದರೂ ಎಲ್ಲಿಂದ? ಆಗ ಹೇಳಿದ ಹಿಟ್ಟಿನ ಕಣ ನೆನಪಿದೆಯಲ್ಲ. ಶಿಲೀಂಧ್ರ, ಪಾಚಿ ಎರಡನ್ನೂ ಹೊತ್ತ ಕಣ ಭಾರ. ಹೆಚ್ಚಿನವು ಹತ್ತಿರದಲ್ಲೇ ಬೀಳುತ್ತವೆ. ಶಿಲೀಂಧ್ರದ ಬೀಜಕ ಹಗುರ, ದೂರ ಹೋಗುತ್ತದೆ. ಆದರೆ ಅದು ಒಬ್ಬೊಂಟಿ. ಬಿದ್ದ ಜಾಗದಲ್ಲಿ ತನಗೆ ಒಗ್ಗುವ ಪಾಚಿ ಸಿಕ್ಕಿದರೆ ಮಾತ್ರ ಲೈಕೆನ್. ಹಾಗಾಗಿ ಹಳೆಯ ಮರದ ಪಕ್ಕದಲ್ಲಿ ಇನ್ನೊಂದು ಹಳೆಯಾಗುತ್ತಿರುವ ಮರ ಇರಬೇಕು. ಅದರ ಪಕ್ಕ ಇನ್ನೊಂದು. ಸರಪಳಿ ಒಮ್ಮೆ ತುಂಡಾದರೆ ಎಳೆಯ ಮರಗಳು ಎಷ್ಟೇ ಇದ್ದರೂ ಅವಕ್ಕೆ ಹಂಚಲು ಊರಲ್ಲಿ ಯಾರೂ ಉಳಿದಿರುವುದಿಲ್ಲ.

ಇಂಗ್ಲೆಂಡಿನಲ್ಲಿ ಇದನ್ನೇ ಅಳತೆಗೋಲು ಮಾಡಿಕೊಂಡವರಿದ್ದಾರೆ. ಫ್ರಾನ್ಸಿಸ್ ರೋಸ್ ಎಂಬ ಸಸ್ಯಶಾಸ್ತ್ರಜ್ಞ 1976ರಲ್ಲಿ ಒಂದು ಪಟ್ಟಿ ಕೊಟ್ಟರು. ಈ ಪಟ್ಟಿಯ ಲೈಕೆನ್‌ಗಳು ಒಂದು ಕಾಡಿನಲ್ಲಿ ಎಷ್ಟು ಜಾಸ್ತಿ ಸಿಗುತ್ತವೋ, ಆ ಕಾಡು ಅಷ್ಟು ಹೆಚ್ಚು ಕಾಲ ಕಡಿತವಿಲ್ಲದೆ ಉಳಿದಿದೆ ಎಂಬ ಲೆಕ್ಕ. ಕಂದಾಯ ದಾಖಲೆ ಸುಳ್ಳು ಹೇಳಬಹುದು, ಲೈಕೆನ್ ಹೇಳುವುದಿಲ್ಲ. ಅದಕ್ಕೂ ಮುಂಚೆ, 1970ರಲ್ಲಿ, ಇದೇ ರೋಸ್ ಮತ್ತು ಡೇವಿಡ್ ಹಾಕ್ಸ್‌ವರ್ತ್ ಸೇರಿ ಮರದ ಮೇಲಿನ ಲೈಕೆನ್ ನೋಡಿ ಗಾಳಿಯಲ್ಲಿ ಗಂಧಕದ ಹೊಗೆ ಎಷ್ಟಿದೆ ಅಂತ ಅಂದಾಜು ಮಾಡುವ ಮಾಪಕ ಮಾಡಿದ್ದರು. ಬ್ಲೀಚ್ ಹನಿಯ ನೈಲಾಂಡರ್ ಕೂಡ 1866ರಲ್ಲೇ ಪ್ಯಾರಿಸ್ ನಗರದಿಂದ ಲೈಕೆನ್ ಮಾಯವಾಗುತ್ತಿದೆ, ಲಕ್ಸೆಂಬರ್ಗ್ ಉದ್ಯಾನದಲ್ಲಿ ಮಾತ್ರ ಉಳಿದಿದೆ ಅಂತ ಬರೆದಿದ್ದರು.

ನಮ್ಮ ಘಟ್ಟಕ್ಕೆ ಅಂಥ ಪಟ್ಟಿ ಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಯಾಕೆಂದರೆ ಇಲ್ಲಿ ಹಳೆ ಮರಗಳು ಹೋಗುತ್ತಿರುವ ವೇಗ ಕಣ್ಣಿಗೆ ಕಾಣುವಂಥದ್ದು. ಘಾಟಿ ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದು ಬದಿಯ ದೊಡ್ಡ ಮರಗಳು. ಒಂದು ಕಡಿದರೆ ಹತ್ತು ನೆಡುತ್ತೇವೆ ಅನ್ನುತ್ತಾರೆ. ನೆರಳಿನ ಲೆಕ್ಕಕ್ಕೆ, ಇಂಗಾಲದ ಲೆಕ್ಕಕ್ಕೆ ಅದು ಸ್ವಲ್ಪ ಮಟ್ಟಿಗೆ ನಡೆದೀತು. ಲೈಕೆನ್ ಲೆಕ್ಕದಲ್ಲಿ ಹತ್ತು ಸಸಿ ಅಂದರೆ ಹತ್ತು ಖಾಲಿ ಗೋಡೆ.

ತೋಟಗಳ ವಿಷಯ ಇನ್ನೂ ಸೂಕ್ಷ್ಮ. ಕಾಫಿಯವರನ್ನು ಬೈಯುವುದು ಸುಲಭ, ನ್ಯಾಯವಲ್ಲ. ಕಾಡುಮರದ ನೆರಳಲ್ಲಿ ಕಾಫಿ ಬೆಳೆದದ್ದರಿಂದಲೇ ಇಷ್ಟು ಹಳೆ ಮರಗಳು ಖಾಸಗಿ ಜಮೀನಿನಲ್ಲಿ ಉಳಿದಿವೆ. ನಾವು ಸರ್ವೆ ಮಾಡಿದ ಕೆಲವು ತೋಟಗಳ ಅತ್ತಿ, ಹಲಸು, ನೇರಳೆ ಮರಗಳ ಮೇಲೆ ಪಕ್ಕದ ಕಾಡಿನಲ್ಲಿ ಸಿಕ್ಕದ ಬಗೆಗಳಿದ್ದವು. ಹಳೆ ಮರ ಜೊತೆಗೆ ಬೆಳಕು, ಎರಡೂ ಅಲ್ಲಿತ್ತು. ಆದರೆ ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಗುತ್ತದೆ, ಕಷ್ಟಕ್ಕೆ ಮಾರಲು ಆಗುತ್ತದೆ. ಒಬ್ಬ ಯಜಮಾನರು ನೇರವಾಗಿಯೇ ಹೇಳಿದರು: "ನೋಡಿ ಇವ್ರೇ, ಆ ಹಲಸು ನಮ್ಮಜ್ಜನ ಕಾಲದ್ದು. ಅದರ ಒಂದು ಕೊಂಬೆ ಬಿದ್ರೆ ನಂದು ಹತ್ತು ಗಿಡ ಹೋಗುತ್ತೆ. ಮರಗಸಿ ಮಾಡೋರು, ಕೊಂಬೆ ಸವರೋರು, ಹತ್ತಕ್ಕೆ ಹೆದರ್ತಾರೆ. ನಿಮ್ಮ ಕಲ್ಲುಹೂವಿಗೋಸ್ಕರ ನಾನೇನು ಮಾಡ್ಲಿ?"

ಆ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ನಾವು ಅವರಿಗೆ ಕೇಳಿದ್ದು ಎಲ್ಲ ಮರ ಉಳಿಸಿ ಅಂತಲ್ಲ. ತೋಟದ ಅಂಚಿನಲ್ಲಿ, ಹಳ್ಳದ ದಂಡೆಯಲ್ಲಿ, ಚೌಡಿ ಕಲ್ಲಿನ ಸುತ್ತ ಇರುವ ಹಳೆ ಮರಗಳನ್ನು ಬಿಡಿ ಅಂತ. ಒಂದು ಮರ ಸಾಯುವ ಮುಂಚೆ ಅದರ ಹತ್ತಿರವೇ ಅದೇ ಜಾತಿಯ ಇನ್ನೊಂದನ್ನು ಬೆಳೆಸಿ ಅಂತ. ಅವರು ಹಳ್ಳದ ದಂಡೆಯವನ್ನು ಮುಟ್ಟುವುದಿಲ್ಲ ಅಂದರು. ಅಲ್ಲಿ ಹೇಗೂ ಕಾಫಿ ಬರುವುದಿಲ್ಲ ಅಂತಲೂ ಸೇರಿಸಿದರು.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಶಿವಮೊಗ್ಗ, ಉತ್ತರ ಕನ್ನಡದಲ್ಲಿ ಕಾನುಗಳಿವೆ. ಕರಾವಳಿಯಲ್ಲಿ ನಾಗಬನಗಳಿವೆ. ಕೆಲವು ಅರ್ಧ ಎಕರೆಯೂ ಇಲ್ಲ. ಆನೆ, ಹುಲಿಯ ಲೆಕ್ಕದಲ್ಲಿ ಇವು ಚುಕ್ಕೆಗಳು. ನಾಲ್ಕು ಹಳೆ ಮರ ಕಡಿಯದೆ ಬಿಟ್ಟ ಜಾಗ ಲೈಕೆನ್‌ಗೆ ಒಂದು ದೇಶ. ಬನಕ್ಕೆ ಸಿಮೆಂಟ್ ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ, ನೆರಳಿನ ಮರ ಸವರುವುದು ಈಗೀಗ ಜಾಸ್ತಿಯಾಗಿದೆ. ಭಕ್ತಿಯಿಂದಲೇ ಮಾಡುತ್ತಾರೆ. ಹಾಗೆ ಮಾಡಿದ ಒಂದು ಬನದ ಮುಂದೆ ನಿಂತಾಗ ನನಗೆ ಬಹಳ ಸಂಕಟವಾಯಿತು.

ಮಸಾಲೆಯ ಕಲ್ಲುಹೂವಿನ ಬಗ್ಗೆಯೂ ಒಂದು ಮಾತು. ನಮ್ಮ ಪೇಟೆಗೆ ಬರುವುದರಲ್ಲಿ ದೊಡ್ಡ ಪಾಲು ಹಿಮಾಲಯದ್ದು, ಉತ್ತರಾಖಂಡದಂಥ ಕಡೆಯದು. ಅಲ್ಲಿನ ಓಕ್ ಕಾಡುಗಳ ಮರಗಳಿಂದ ಹಳ್ಳಿಯವರು ಕಿತ್ತು ತರುತ್ತಾರೆ. ಒಂದು ಪೊಟ್ಟಣದಲ್ಲಿ ಹಲವು ಜಾತಿಗಳು ಬೆರೆತಿರುತ್ತವೆ. ಕನೌಜಿನ ಅತ್ತರಿನವರೂ ಇದನ್ನು ಕೊಳ್ಳುತ್ತಾರೆ. ಇದನ್ನು ಬಿತ್ತಿ ಬೆಳೆಯುವುದಿಲ್ಲ. ಕಿತ್ತದ್ದು ಮತ್ತೆ ಬರಲು ವರ್ಷಗಳು ಬೇಕು. ಉತ್ತರಾಖಂಡ ಅರಣ್ಯ ಇಲಾಖೆ 2020ರಲ್ಲಿ ಮುನ್ಸಿಯಾರಿಯಲ್ಲಿ ಲೈಕೆನ್ ಉದ್ಯಾನ ತೆರೆಯಿತು. ದೇಶದಲ್ಲಿ ಮೊದಲನೆಯದು. ಗಿರಿ ಸಾಲಿನಲ್ಲೋ ಕೊಡಗಿನಲ್ಲೋ ನಮ್ಮಲ್ಲೂ ಒಂದು ಆದರೆ ಶಾಲೆ ಮಕ್ಕಳಿಗೆ ತೋರಿಸಬಹುದು. ಕಟ್ಟಡ ಬೇಡ. ಒಂದು ಹಳೆ ಮರ, ಒಂದು ಲೆನ್ಸ್, ವಿವರಿಸಲು ಒಬ್ಬರು ಇದ್ದರೆ ಆಯಿತು.

ಓದುವವರಲ್ಲಿ ತೋಟದವರು, ಘಟ್ಟದ ಊರುಗಳಲ್ಲಿ ಕೆಲಸ ಮಾಡುವ ಮೇಷ್ಟ್ರು ಮೇಡಂಗಳು ಇದ್ದರೆ ಒಂದು ಕೋರಿಕೆ. ನಿಮ್ಮ ಸುತ್ತಿನ ಅತಿ ಹಳೆಯ ಮರವೊಂದನ್ನು ಆರಿಸಿಕೊಳ್ಳಿ. ಎದೆ ಮಟ್ಟದಲ್ಲಿ ಸುತ್ತಳತೆ ತೆಗೆದುಕೊಳ್ಳಿ. ಕಾಂಡದ ನಾಲ್ಕು ಕಡೆಯೂ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು, ಹತ್ತಿರದಿಂದ ಫೋಟೋ ತೆಗೆಯಿರಿ. ಮಳೆ ಬಂದ ಮರುದಿನ ಬಣ್ಣ ಚೆನ್ನಾಗಿ ಕಾಣುತ್ತದೆ. ಒಣಗಿದಾಗ ಇನ್ನೊಮ್ಮೆ ತೆಗೆದರೆ ಗುರುತಿಸುವವರಿಗೆ ಅನುಕೂಲ. ಮರದ ಊರ ಹೆಸರು, ಜಾಗ, ತಾರೀಕು ಬರೆದಿಡಿ. ಕೆರೆಯಬೇಡಿ, ಕೀಳಬೇಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಜಾಗದಲ್ಲಿ ನಿಂತು, ಅದೇ ನಾಣ್ಯ ಹಿಡಿದು ಮತ್ತೆ ತೆಗೆಯಿರಿ. ರಸ್ತೆ ಬದಿಯ ಮರಕ್ಕೆ ಕಡಿಯುವ ನಂಬರು ಬರೆದಿರುವುದು ಕಂಡರೆ ಅದನ್ನೇ ಮೊದಲು ಮಾಡಿ.